ಡಾಕ್ಟರೇಟಿಗೆ ಮೊದಲು ಒಂದು ಪ್ರಶ್ನೆ

ಕೆಂಗೇರಿಯಲ್ಲಿ ಮೆಟ್ರೊ ಹತ್ತಿದರೆ ಮೂರನೆಯ ನಿಲ್ದಾಣವೇ ಜ್ಞಾನಭಾರತಿ. ಬೆಂಗಳೂರು ವಿಶ್ವವಿದ್ಯಾಲಯದ ವಿಶಾಲ ಆವರಣ ಅಲ್ಲಿಗೆ ಸಮೀಪ. ಆದ್ದರಿಂದ ಈ ಕಡೆಯ ಮನೆಗಳಲ್ಲಿ ಎಂ.ಎ. ಮುಗಿಸಿದ ಮಗನೋ ಮಗಳೋ ‘ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತೇನೆ’ ಎಂದರೆ ದೂರದ ತಕರಾರನ್ನು ಯಾರೂ ತೆಗೆಯುವುದಿಲ್ಲ. ತಕರಾರು ಬೇರೆಯೇ ಇರುತ್ತದೆ. ಎಷ್ಟು ವರ್ಷ? ಆಮೇಲೇನು? ಅಷ್ಟರಲ್ಲಿ ಓರಗೆಯವರೆಲ್ಲ ಸಂಬಳ ತರುತ್ತಿರುತ್ತಾರಲ್ಲ?

ಕೇಳಬೇಕಾದ ಪ್ರಶ್ನೆಗಳೇ ಇವು. ಆದರೆ ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ, ಸಾಮಾನ್ಯವಾಗಿ ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ‘ನೀನು ಏನನ್ನು ತಿಳಿಯಲು ಹೊರಟಿದ್ದೀಯ?’

ಎಂ.ಎ. ತನಕ ವಿದ್ಯಾರ್ಥಿಯ ಕೆಲಸ ಬೇರೆಯವರು ಕಂಡುಕೊಂಡದ್ದನ್ನು ಓದಿ ಅರಗಿಸಿಕೊಳ್ಳುವುದು. ಪಿಎಚ್.ಡಿ. ಹಾಗಲ್ಲ. ಯಾರೂ ಹೇಳಿರದ ಒಂದು ಸಂಗತಿಯನ್ನು ಆಧಾರಸಮೇತ ಹೇಳಬೇಕು. ಎಂ.ಎ.ಯಲ್ಲಿ ಚಿನ್ನದ ಪದಕ ಪಡೆದವರೂ ಇಲ್ಲಿ ತಡವರಿಸುವುದುಂಟು. ಸಾಧಾರಣ ಅಂಕ ಪಡೆದವರು ಹಟ ಹಿಡಿದು ದಡ ಸೇರುವುದೂ ಉಂಟು.

ಕೆಂಗೇರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ‘ಕೆಂಗೇರಿಯ ಇತಿಹಾಸ’ ಎಂಬುದು ಒಂದು ವಿಷಯವಷ್ಟೆ, ಪ್ರಶ್ನೆಯಲ್ಲ. ಇಂಥ ಶೀರ್ಷಿಕೆ ಇಟ್ಟುಕೊಂಡು ಹೊರಟವರು ಗಂಗರಿಂದ ಹಿಡಿದು ಬಸ್ ನಿಲ್ದಾಣದವರೆಗೆ ಎಲ್ಲವನ್ನೂ ಸ್ವಲ್ಪಸ್ವಲ್ಪ ಬರೆದು ಸುಸ್ತಾಗುತ್ತಾರೆ. ಅದೇ ಊರನ್ನು ಹೀಗೆ ನೋಡಿ: ಬೆಂಗಳೂರು–ಶ್ರೀರಂಗಪಟ್ಟಣದ ದಾರಿ ಹಳೆಯದು. 1800ರಲ್ಲಿ ಫ್ರಾನ್ಸಿಸ್ ಬುಕನನ್ ಕಂಪನಿ ಸರ್ಕಾರದ ಪರವಾಗಿ ಈ ಸೀಮೆಯ ಬೆಳೆ, ಕಸುಬು, ಸಂತೆಗಳನ್ನು ವಿಚಾರಿಸುತ್ತ ಇದೇ ದಾರಿಯಲ್ಲಿ ಹೋದ. ಅವನ ಪ್ರವಾಸ ಕಥನ 1807ರಲ್ಲಿ ಅಚ್ಚಾಯಿತು. 1881-82ರಲ್ಲಿ ಬೆಂಗಳೂರು–ಮೈಸೂರು ರೈಲು ಬಂತು. ಅಲ್ಲಿಯ ತನಕ ಎತ್ತಿನ ಗಾಡಿಯನ್ನೇ ನಂಬಿ ಬದುಕಿದ್ದವರು, ದಾರಿಬದಿಯ ಅಂಗಡಿಯವರು, ಲಾಳ ಕಟ್ಟುವವರು ಆಮೇಲೆ ಏನಾದರು? ಇದು ಪ್ರಶ್ನೆ.

ಪ್ರಶ್ನೆ ಸಿಕ್ಕ ಕೂಡಲೇ ಆಕರಗಳೂ ಕಣ್ಣಿಗೆ ಬೀಳತೊಡಗುತ್ತವೆ. ಮೈಸೂರು ಸರ್ಕಾರ ವರ್ಷ ವರ್ಷವೂ ಹೊರಡಿಸುತ್ತಿದ್ದ ಆಡಳಿತ ವರದಿಗಳಿವೆ. 1871, 1881, 1891ರ ಜನಗಣತಿಗಳಿವೆ, ಕಂದಾಯದ ಕಡತಗಳಿವೆ. ಇವನ್ನು ಹುಡುಕಿಕೊಂಡು ಹೋಗುವವರಿಗೂ ಅದೇ ನೇರಳೆ ಮಾರ್ಗದ ಮೆಟ್ರೊ ಸಾಕು, ಜ್ಞಾನಭಾರತಿಯಲ್ಲಿ ಇಳಿಯದೆ ಮುಂದಕ್ಕೆ ಹೋಗಬೇಕು: ರಾಜ್ಯ ಪತ್ರಾಗಾರ ಇರುವುದು ವಿಧಾನಸೌಧದಲ್ಲಿ. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿಯ ಗ್ರಂಥಾಲಯ ನೃಪತುಂಗ ರಸ್ತೆಯಲ್ಲಿದೆ. ವಾರಗಟ್ಟಲೆ ದೂಳು ಕುಡಿದ ಮೇಲೆ, ಕೇಳಿದ ಪ್ರಶ್ನೆಗೆ ಈ ಕಡತಗಳಲ್ಲಿ ಉತ್ತರವೇ ಇಲ್ಲ ಎಂದು ತಿಳಿಯಬಹುದು. ಆಗ ಪ್ರಶ್ನೆಯನ್ನೇ ತಿದ್ದಿಕೊಳ್ಳಬೇಕಾಗುತ್ತದೆ. ಸಂಶೋಧನೆಯ ಮೊದಲ ವರ್ಷ ಹೆಚ್ಚಾಗಿ ಇದರಲ್ಲೇ ಕಳೆಯುತ್ತದೆ. ಮಗಳು ಏನೂ ಬರೆಯುತ್ತಿಲ್ಲ, ಬರೀ ಓಡಾಡುತ್ತಿದ್ದಾಳೆ ಎಂದು ತಂದೆತಾಯಿ ಗಾಬರಿಯಾಗಬೇಕಿಲ್ಲ.

ಪ್ರಶ್ನೆಗಳಿಗೇನೂ ಇಲ್ಲಿ ಬರವಿಲ್ಲ. ಪಕ್ಕದಲ್ಲೇ ಹರಿಯುವ ವೃಷಭಾವತಿ ನಗರದ ಕೊಳಚೆಯನ್ನು ಬೈರಮಂಗಲದ ಕೆರೆಗೆ ಹೊತ್ತೊಯ್ಯುವ ಹಾಗಾದದ್ದು ಯಾವಾಗಿನಿಂದ, ಯಾರ ತೀರ್ಮಾನಗಳಿಂದ? 2007ರಲ್ಲಿ ಕೆಂಗೇರಿ ಪುರಸಭೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಕರಗಿತು. ತನ್ನದೇ ಪುರಸಭೆ ಇದ್ದ ಒಂದು ಊರು ಮಹಾನಗರದ ಅಂಚಾಗಿ ಮಾರ್ಪಟ್ಟದ್ದು ಹೇಗೆ?

ಪ್ರಶ್ನೆ ಬದಲಾದರೆ ಹಳೆಯ ಆಕರವೂ ಹೊಸದಾಗಿ ಮಾತಾಡುತ್ತದೆ ಎಂಬುದಕ್ಕೆ ಕನ್ನಡದಲ್ಲೇ ದೊಡ್ಡ ಸಾಕ್ಷಿಯಿದೆ. ಬಿ.ಎಲ್. ರೈಸ್ ಮತ್ತು ಅವರ ಸಹಾಯಕರು ಹಳೆಯ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಸುಮಾರು 9,000 ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಅಚ್ಚು ಹಾಕಿಸಿದ್ದರು. ಬೆಂಗಳೂರು ಜಿಲ್ಲೆಯ ಶಾಸನಗಳದ್ದು ಒಂಬತ್ತನೆಯ ಸಂಪುಟ. ಬಹುಕಾಲ ಅವನ್ನು ಓದಿದವರು ಮುಖ್ಯವಾಗಿ ಹುಡುಕಿದ್ದು ರಾಜರ ಹೆಸರು, ವಂಶಾವಳಿ, ಯುದ್ಧದ ತೇದಿಗಳನ್ನು. ಎಂ. ಚಿದಾನಂದಮೂರ್ತಿಯವರು ಅವೇ ಕಲ್ಲುಗಳಿಗೆ ಬೇರೆ ಪ್ರಶ್ನೆ ಹಾಕಿದರು. ಜನ ಹೇಗೆ ಬದುಕುತ್ತಿದ್ದರು? ಏನನ್ನು ಓದುತ್ತಿದ್ದರು? ಯಾವುದಕ್ಕಾಗಿ ಪ್ರಾಣ ಕೊಡುತ್ತಿದ್ದರು? ಕ್ರಿ.ಶ. 450ರಿಂದ 1150ರವರೆಗಿನ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನಕ್ಕೆ 1964ರಲ್ಲಿ ಅವರಿಗೆ ಪಿಎಚ್.ಡಿ. ಬಂತು. ಎರಡು ವರ್ಷದಲ್ಲಿ ಅದು ಪುಸ್ತಕವಾಯಿತು. ಚಿದಾನಂದಮೂರ್ತಿಯವರು ಇತಿಹಾಸ ವಿಭಾಗದವರಲ್ಲ, ಕನ್ನಡ ಸಾಹಿತ್ಯದ ವಿದ್ಯಾರ್ಥಿ ಎಂಬುದನ್ನು ಗಮನಿಸಬೇಕು. ಹಳಗನ್ನಡ ಚೆನ್ನಾಗಿ ಬರುತ್ತಿದ್ದುದೇ ಅವರ ಬಂಡವಾಳ.

ಆದ್ದರಿಂದ ಭಾಷೆಯ ಮಾತು ಬರುತ್ತದೆ. ಬೆಂಗಳೂರಿನ ಸುತ್ತಮುತ್ತ ಚೋಳರ ಕಾಲದ ಶಾಸನಗಳನ್ನು ನೋಡುವವರಿಗೆ ಹಳೆಯ ತಮಿಳು ಬೇಕು. ಷಹಾಜಿಯ ಜಹಗೀರಿನ ಕಾಲಕ್ಕೆ ಮೋಡಿ ಲಿಪಿ, ಟಿಪ್ಪುವಿನ ಕಾಲಕ್ಕೆ ಪಾರ್ಸಿ ಬೇಕು. ಅನುವಾದ ನಂಬಿ ಹೊರಟ ಪ್ರಬಂಧ ಮೌಖಿಕ ಪರೀಕ್ಷೆಯ ಮೊದಲ ಪ್ರಶ್ನೆಗೇ ಮುಗ್ಗರಿಸುತ್ತದೆ.

ಇನ್ನು ತಂದೆತಾಯಿಯ ಪ್ರಶ್ನೆಗಳು. ಯುಜಿಸಿಯ 2022ರ ನಿಯಮಾವಳಿಯಂತೆ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ, ಮಹಿಳೆಯರಿಗೆ ಅದರ ಮೇಲೆ ಮತ್ತೆರಡು ವರ್ಷದ ಸಡಿಲಿಕೆಯಿದೆ. 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನೆಯ ರಜೆಯೂ ಸಿಗುತ್ತದೆ. ಇತಿಹಾಸದಲ್ಲಿ ಮೂರು ವರ್ಷಕ್ಕೆ ಮುಗಿಸುವುದು ಕಷ್ಟ. ಐದು ಎಂದು ಲೆಕ್ಕ ಹಾಕುವುದೇ ಜಾಣತನ. ಎಂ.ಎ.ಯಲ್ಲಿ ಶೇ 55 ಅಂಕ ಬೇಕು. ಮೀಸಲಾತಿ ವರ್ಗಗಳಿಗೆ ಶೇ 5ರ ರಿಯಾಯಿತಿ ಇದೆ. ಎಂ.ಫಿಲ್. ಎಂಬ ನಡುವಿನ ಮೆಟ್ಟಿಲನ್ನು ಇದೇ ನಿಯಮಾವಳಿ ತೆಗೆದುಹಾಕಿತು.

ಹಣದ ಮಾತು ಇನ್ನೂ ಮುಖ್ಯ. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ದೊರೆತರೆ 2023ರಲ್ಲಿ ಪರಿಷ್ಕರಿಸಿದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಅದು ಸಿಕ್ಕವರ ಮನೆಯಲ್ಲಿ ತಕರಾರು ತಾನಾಗಿ ತಣ್ಣಗಾಗುತ್ತದೆ. ತೊಡಕಿರುವುದು ಇಲ್ಲಿ: ನೆಟ್‌ನ ಇತಿಹಾಸ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಬಿ.ಎ., ಎಂ.ಎ. ಓದಿದ ಜಾಣ ವಿದ್ಯಾರ್ಥಿ ಮುಗ್ಗರಿಸುವುದು ಈ ಹೊಸ್ತಿಲಲ್ಲಿ. ಕೆ-ಸೆಟ್ ಕನ್ನಡದಲ್ಲೂ ಇದೆ, ಆದರೆ ಅದರಿಂದ ಬೋಧನೆಯ ಅರ್ಹತೆ ಬರುತ್ತದೆಯೇ ಹೊರತು ಶಿಷ್ಯವೇತನ ಬರುವುದಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಮಹಾಪ್ರಬಂಧವನ್ನೇ ಕನ್ನಡದಲ್ಲಿ ಬರೆಯಬಹುದು. ಕನ್ನಡದಲ್ಲಿ ಸಂಶೋಧನೆ ಮಾಡು ಎನ್ನುವ ವ್ಯವಸ್ಥೆ, ಅದಕ್ಕೆ ಬೇಕಾದ ದುಡ್ಡಿಗೆ ಮಾತ್ರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಉತ್ತರಿಸು ಎಂದರೆ ಅದು ನ್ಯಾಯವಲ್ಲ. ಆದರೆ ನ್ಯಾಯ ಬರುವ ತನಕ ಕಾಯುತ್ತ ಕೂರುವ ಹಾಗಿಲ್ಲ, ಎಂ.ಎ. ಮೊದಲ ವರ್ಷದಿಂದಲೇ ಪಠ್ಯವನ್ನು ಎರಡೂ ಭಾಷೆಗಳಲ್ಲಿ ಓದಿಕೊಂಡರೆ ಅರ್ಧ ಭಾರ ಇಳಿಯುತ್ತದೆ.

ಕೆಲಸದ ವಿಷಯದಲ್ಲಿ ಮುಚ್ಚುಮರೆ ಬೇಡ. 2023ರ ಜುಲೈನ ಯುಜಿಸಿ ತಿದ್ದುಪಡಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ಸೆಟ್ಟನ್ನು ಕನಿಷ್ಠ ಅರ್ಹತೆಯಾಗಿಸಿತು. ಹೆಸರಿನ ಹಿಂದೆ ‘ಡಾ.’ ಇದ್ದೂ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾದವರು ರಾಜ್ಯದಲ್ಲಿ ಬೇಕಾದಷ್ಟಿದ್ದಾರೆ. ಬರೀ ನೌಕರಿಗೆಂದೇ ಪಿಎಚ್.ಡಿ. ಮಾಡುವವರು ಮೊದಲು ನೆಟ್, ಕೆ-ಸೆಟ್ ಮುಗಿಸುವುದು ಒಳ್ಳೆಯದು.

ಮಾರ್ಗದರ್ಶಕರನ್ನು ಹೆಸರು ನೋಡಿ ಆರಿಸುವುದಕ್ಕಿಂತ, ಅವರ ಕೈಕೆಳಗೆ ಹಿಂದೆ ಎಷ್ಟು ಮಂದಿ, ಎಷ್ಟು ವರ್ಷದಲ್ಲಿ ಮುಗಿಸಿದರು ಎಂದು ವಿಚಾರಿಸಬೇಕು. ನಿಯಮದಂತೆ ಪ್ರಾಧ್ಯಾಪಕರೊಬ್ಬರ ಬಳಿ ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರ ಬಳಿ 6, ಸಹಾಯಕ ಪ್ರಾಧ್ಯಾಪಕರ ಬಳಿ 4 ಸಂಶೋಧನಾರ್ಥಿಗಳು ಇರಬಹುದು.

ದೇಶದ ವಿಶ್ವವಿದ್ಯಾಲಯಗಳು ಒಪ್ಪಿಕೊಂಡ ಮಹಾಪ್ರಬಂಧಗಳು ಲಕ್ಷಗಟ್ಟಲೆಯಾಗಿ ‘ಶೋಧಗಂಗಾ’ ಜಾಲತಾಣದಲ್ಲಿವೆ. ಮನೆಯಲ್ಲೇ ಕೂತು ಪುಕ್ಕಟೆಯಾಗಿ ಓದಬಹುದು. ಅರ್ಜಿ ಹಾಕುವ ಮೊದಲು ಇತಿಹಾಸದ ಮೂರು ಪ್ರಬಂಧಗಳನ್ನು ಅಲ್ಲಿ ಪೂರ್ತಿ ಓದಬೇಕು, ಅಡಿಟಿಪ್ಪಣಿಗಳನ್ನೂ ಬಿಡದೆ. ಓದುವಾಗ ‘ಇದನ್ನು ಇವರು ಯಾಕೆ ಕೇಳಲಿಲ್ಲ?’ ಎಂದು ಒಮ್ಮೆಯಾದರೂ ಅನ್ನಿಸಿದರೆ ಅದನ್ನು ಬರೆದಿಟ್ಟುಕೊಂಡು, ಆ ಚೀಟಿಯ ಸಮೇತ ಜ್ಞಾನಭಾರತಿಯಲ್ಲಿ ಇಳಿಯಬಹುದು.