ನಾಯಿಯ ಭಾಷೆ ಕಲಿಯೋಣ ಬನ್ನಿ

ವಿದ್ಯಾರ್ಥಿಗಳೇ, ಬೆಳಿಗ್ಗೆ ಶಾಲೆಗೆ ಬರುವಾಗ ದಾರಿಯಲ್ಲಿ ನಿಮಗೆ ಎಷ್ಟು ನಾಯಿಗಳು ಸಿಗುತ್ತವೆ? ಎಂದಾದರೂ ಎಣಿಸಿದ್ದೀರಾ? ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಗಳು ದಡ ಸೇರುವ ಹೊತ್ತಿಗೆ ನಾಯಿಗಳೂ ಬಂದು ಕಾದಿರುತ್ತವೆ. ಅಂಕೋಲೆಯ ಕೇಣಿ, ಬೇಲೇಕೇರಿಗಳಲ್ಲಿ ದೋಣಿಯ ನೆರಳಿನಲ್ಲಿ ಸುರುಳಿ ಸುತ್ತಿ ಮಲಗಿರುತ್ತವೆ. ಕೆಲವು ನಿಮ್ಮನ್ನು ಕಂಡು ಬಾಲ ಅಲ್ಲಾಡಿಸುತ್ತವೆ. ಕೆಲವು ಬೊಗಳುತ್ತವೆ. ಕೆಲವು ತಲೆ ಎತ್ತಿಯೂ ನೋಡುವುದಿಲ್ಲ.

ನಾಯಿಗೆ ನಮ್ಮ ಹಾಗೆ ಮಾತು ಬರುವುದಿಲ್ಲ. ಆದರೆ ಅದು ಸುಮ್ಮನೆಯೂ ಇರುವುದಿಲ್ಲ. ಬಾಲ, ಕಿವಿ, ಕಣ್ಣು, ತುಟಿ, ಬೆನ್ನಿನ ರೋಮ, ಎಲ್ಲವನ್ನೂ ಬಳಸಿ ಅದು ಏನನ್ನೋ ಹೇಳುತ್ತಲೇ ಇರುತ್ತದೆ. ಆ ಭಾಷೆ ನಮಗೆ ತಿಳಿದರೆ ನಾಯಿಗೂ ಒಳ್ಳೆಯದು, ನಮಗೂ ಒಳ್ಳೆಯದು. ತಿಳಿಯದಿದ್ದರೆ ಕೆಲವೊಮ್ಮೆ ಕಚ್ಚಿಸಿಕೊಳ್ಳಬೇಕಾಗುತ್ತದೆ. ಹಾಗಾದರೆ ಕಲಿಯೋಣವೇ?

ಶಿರೂರಿನ ನಾಯಿ

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಭಾರಿ ಮಳೆಗೆ ಗುಡ್ಡ ಕುಸಿಯಿತು. ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಮಣ್ಣು ಬಿದ್ದು, ಪಕ್ಕದ ಗಂಗಾವಳಿ ನದಿಯವರೆಗೂ ಹರಡಿತು. ರಸ್ತೆ ಬದಿಯ ಚಹಾ ಅಂಗಡಿಯೊಂದು ಅದರಲ್ಲಿ ಕೊಚ್ಚಿಹೋಯಿತು. ಅಂಗಡಿಯ ಕುಟುಂಬದವರೂ ಸೇರಿ ಹಲವರು ಜೀವ ಕಳೆದುಕೊಂಡರು. ಆ ಮನೆಯವರು ಸಾಕಿದ್ದ ನಾಯಿ ಉಳಿದುಕೊಂಡಿತು. ಅದು ಮಣ್ಣಿನ ರಾಶಿಯ ಸುತ್ತ ತನ್ನವರನ್ನು ಹುಡುಕುತ್ತ ಅಲೆಯುತ್ತಿದ್ದ ಸುದ್ದಿಯನ್ನು ಆಗ ಎಷ್ಟೋ ಜನ ಓದಿ ಕಣ್ಣೊರೆಸಿಕೊಂಡರು.

ಆ ನಾಯಿಯ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ಹೇಳಲಾರರು. ಆದರೆ ಅದು ಏಕೆ ಅಲ್ಲೇ ಅಲೆಯುತ್ತಿತ್ತು ಎಂಬುದಕ್ಕೆ ವಿಜ್ಞಾನ ಒಂದಿಷ್ಟು ಉತ್ತರ ಕೊಡುತ್ತದೆ. ಅದಕ್ಕಾಗಿ ಮೊದಲು ನಾಯಿಯ ಮೂಗಿನ ಬಗ್ಗೆ ತಿಳಿಯಬೇಕು.

ಮೂಗಿನಿಂದ ಓದುವ ಪ್ರಾಣಿ

ನಮ್ಮ ಮೂಗಿನಲ್ಲಿ ವಾಸನೆ ಗ್ರಹಿಸುವ ಜೀವಕೋಶಗಳು ಸುಮಾರು 50 ಲಕ್ಷ ಇವೆ. ನಾಯಿಯಲ್ಲಿ ತಳಿಗೆ ತಕ್ಕಂತೆ 20 ಕೋಟಿಯಿಂದ 30 ಕೋಟಿಯವರೆಗೆ ಇರುತ್ತವೆ. ನಾವು ಅಡುಗೆಮನೆಯಲ್ಲಿ ಮೀನು ಸಾರು ಕುದಿಯುತ್ತಿದೆ ಎಂದಷ್ಟೇ ಹೇಳಬಲ್ಲೆವು. ನಾಯಿಯ ಮೂಗು ಮೀನು, ತೆಂಗಿನಕಾಯಿ, ಮೆಣಸು, ಅಡುಗೆ ಮಾಡುತ್ತಿರುವ ಅಮ್ಮ ಎಲ್ಲವನ್ನೂ ಬೇರೆ ಬೇರೆಯಾಗಿ ಗುರುತಿಸಬಲ್ಲದು. ಅದರ ಮೂಗು ಸದಾ ಒದ್ದೆಯಾಗಿರುವುದು ಏಕೆ ಗೊತ್ತೆ? ಗಾಳಿಯಲ್ಲಿ ತೇಲಿ ಬರುವ ವಾಸನೆಯ ಕಣಗಳು ಒದ್ದೆ ಜಾಗಕ್ಕೆ ಚೆನ್ನಾಗಿ ಅಂಟಿಕೊಳ್ಳುತ್ತವೆ.

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಅದರ ವಿವರ 2015ರಲ್ಲಿ ಪ್ರಕಟವಾಯಿತು. ಅವರು 12 ನಾಯಿಗಳಿಗೆ ಎಂಆರ್‌ಐ ಯಂತ್ರದೊಳಗೆ ಅಲುಗಾಡದೆ ಮಲಗುವ ತರಬೇತಿ ಕೊಟ್ಟರು. ಆಮೇಲೆ ಪರಿಚಿತ ನಾಯಿ, ಅಪರಿಚಿತ ನಾಯಿ, ಪರಿಚಿತ ಮನುಷ್ಯ, ಅಪರಿಚಿತ ಮನುಷ್ಯ ಮತ್ತು ಅದೇ ನಾಯಿಯ ಸ್ವಂತ ವಾಸನೆ, ಹೀಗೆ ಐದು ಬಗೆಯ ವಾಸನೆ ತೋರಿಸಿದರು. ಮೆದುಳಿನಲ್ಲಿ ಹಿತವಾದುದನ್ನು ನಿರೀಕ್ಷಿಸುವಾಗ ಚುರುಕಾಗುವ ಒಂದು ಭಾಗವಿದೆ. ಅದು ಎಲ್ಲಕ್ಕಿಂತ ಹೆಚ್ಚು ಚುರುಕಾದದ್ದು ಪರಿಚಿತ ಮನುಷ್ಯನ ವಾಸನೆಗೆ. ಆ ಮನುಷ್ಯ ಹತ್ತಿರದಲ್ಲಿ ಇಲ್ಲದಿದ್ದರೂ ವಾಸನೆಯಷ್ಟೇ ಸಾಕಾಗಿತ್ತು!

ಈಗ ಶಿರೂರಿನ ನಾಯಿಯನ್ನು ನೆನಪಿಸಿಕೊಳ್ಳಿ. ತನ್ನವರನ್ನು ಮೂಗಿನಿಂದಲೇ ಗುರುತಿಸುವ ಪ್ರಾಣಿ ಅದು. ಅವರ ಕೊನೆಯ ಗುರುತು ಇದ್ದ ಜಾಗ ಬಿಟ್ಟು ಅದು ಬೇರೆಲ್ಲಿಗೆ ಹೋದೀತು?

ನಮ್ಮ ಜೊತೆ ಬಂದದ್ದು ಯಾವಾಗ?

ನಾಯಿಯ ಪೂರ್ವಜರು ತೋಳಗಳು. ಕನಿಷ್ಠ 14 ಸಾವಿರ ವರ್ಷಗಳ ಹಿಂದೆಯೇ ನಾಯಿ ಮನುಷ್ಯನ ಒಡನಾಡಿಯಾಗಿತ್ತು. ಜರ್ಮನಿಯ ಬಾನ್ ನಗರದ ಬಳಿ ಮನುಷ್ಯರ ಜೊತೆಯಲ್ಲೇ ಹೂಳಿದ್ದ ನಾಯಿಯ ಎಲುಬುಗಳು ಸಿಕ್ಕಿವೆ. ಅವು ಅಷ್ಟು ಹಳೆಯವು. ಹಸು, ಕುರಿ, ಕೋಳಿಗಳನ್ನು ಸಾಕುವುದಕ್ಕಿಂತ ಮೊದಲೇ ನಾಯಿ ನಮ್ಮ ಜೊತೆಗಿತ್ತು.

ಉತ್ತರ ಕನ್ನಡದ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನಲ್ಲಿ ಸೀಳುನಾಯಿಗಳಿವೆ. ಅವು ನಮ್ಮ ಊರ ನಾಯಿಗಳಲ್ಲ, ಬೇರೆಯೇ ಜಾತಿಯ ಕಾಡುಪ್ರಾಣಿ. ಅವು ಊರ ನಾಯಿಯಂತೆ ಬೊಗಳುವುದಿಲ್ಲ, ಶಿಳ್ಳೆ ಹಾಕಿ ಒಂದನ್ನೊಂದು ಕರೆಯುತ್ತವೆ.

ಇಷ್ಟು ಕಾಲ ಜೊತೆಗಿದ್ದುದರಿಂದ ನಾಯಿ ನಮ್ಮ ಸನ್ನೆಗಳನ್ನೂ ಕಲಿತಿದೆ. ಕೋಲ್ಕತ್ತದ ಐಸರ್ ಸಂಸ್ಥೆಯ ಅನಿಂದಿತಾ ಭದ್ರ ಮತ್ತು ಅವರ ತಂಡ ಬೀದಿ ನಾಯಿಗಳ ಮುಂದೆ ಎರಡು ಬಟ್ಟಲು ಇಟ್ಟು, ಒಂದರ ಕಡೆ ಕೈ ತೋರಿಸಿ ನೋಡಿತು. ಯಾವ ತರಬೇತಿಯೂ ಇಲ್ಲದ ನಾಯಿಗಳವು. ಹೆದರಿ ದೂರ ಉಳಿದವು ಸಾಕಷ್ಟಿದ್ದವು. ಆದರೆ ಹತ್ತಿರ ಬಂದವುಗಳಲ್ಲಿ ಸುಮಾರು ಶೇಕಡಾ 80ರಷ್ಟು ನಾಯಿಗಳು ಕೈ ತೋರಿಸಿದ ಬಟ್ಟಲಿಗೇ ಹೋದವು. ಈ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ನಾಯಿ ನಮ್ಮ ಭಾಷೆ ಕಲಿತಿರುವಾಗ ನಾವು ಅದರ ಭಾಷೆ ಕಲಿಯಬೇಡವೇ?

ಬಾಲ ಅಲ್ಲಾಡಿದರೆ ಪ್ರೀತಿಯೇ?

"ಬಾಲ ಅಲ್ಲಾಡಿಸುತ್ತಿದೆ, ಏನೂ ಮಾಡುವುದಿಲ್ಲ" ಎಂದು ದೊಡ್ಡವರು ಹೇಳುವುದುಂಟು. ಇದು ಯಾವಾಗಲೂ ನಿಜವಲ್ಲ. ಬಾಲ ಅಲ್ಲಾಡುತ್ತಿದೆ ಎಂದರೆ ನಾಯಿಯ ಮನಸ್ಸು ಕೆರಳಿದೆ ಎಂದರ್ಥ. ಅದು ಸಂತೋಷವೂ ಇರಬಹುದು, ಸಿಟ್ಟೂ ಇರಬಹುದು. ಆದ್ದರಿಂದ ಬಾಲವೊಂದನ್ನೇ ನೋಡದೆ ಇಡೀ ದೇಹವನ್ನು ನೋಡಬೇಕು.

ಮೈ ಸಡಿಲವಾಗಿದೆ, ಬಾಯಿ ಸ್ವಲ್ಪ ತೆರೆದಿದೆ, ಬಾಲದ ಜೊತೆಗೆ ಸೊಂಟವೂ ಅಲ್ಲಾಡುತ್ತಿದೆ. ಇದು ಸಂತೋಷ.

ಮುಂಗಾಲುಗಳನ್ನು ಚಾಚಿ ಎದೆ ತಗ್ಗಿಸಿ, ಹಿಂಭಾಗ ಮೇಲೆತ್ತಿದೆ. ಇದು ಆಟಕ್ಕೆ ಕರೆ.

ಬಾಲ ಕಾಲುಗಳ ನಡುವೆ ಸೇರಿದೆ, ಕಿವಿ ಹಿಂದಕ್ಕೆ ಮಡಚಿದೆ, ಪದೇ ಪದೇ ತುಟಿ ನೆಕ್ಕುತ್ತಿದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತಿದೆ, ಕಣ್ಣಿನ ಬಿಳಿ ಭಾಗ ಕಾಣುತ್ತಿದೆ. ಇದು ಭಯ. ಹೆದರಿದ ನಾಯಿಗೆ ಓಡಲು ದಾರಿ ಇಲ್ಲದಿದ್ದರೆ ಅದೂ ಕಚ್ಚುತ್ತದೆ.

ಮೈ ಬಿಗಿದು ಕಂಬದಂತೆ ನಿಂತಿದೆ, ಬಾಲ ನೆಟ್ಟಗಾಗಿದೆ, ಬೆನ್ನಿನ ರೋಮ ಎದ್ದಿದೆ, ನೋಟ ನಿಮ್ಮ ಮೇಲೇ ನೆಟ್ಟಿದೆ, ತುಟಿ ಮೇಲೆತ್ತಿ ಹಲ್ಲು ತೋರಿಸಿ ಗುರ್ ಎನ್ನುತ್ತಿದೆ. ಇದು ಕೊನೆಯ ಎಚ್ಚರಿಕೆ.

ಗುರ್ ಎಂದ ನಾಯಿಗೆ ಹೊಡೆಯಬಾರದು. ಏಕೆಂದರೆ ಗುರ್ ಎನ್ನುವುದು "ಹತ್ತಿರ ಬರಬೇಡ" ಎಂಬ ಮಾತು. ಆ ಮಾತಿಗೆ ಏಟು ಬಿದ್ದರೆ, ಮುಂದೆ ಅದು ಮಾತಾಡದೆ ನೇರವಾಗಿ ಕಚ್ಚುವುದನ್ನು ಕಲಿಯಬಹುದು.

ನಾಲಿಗೆ ಹೊರಗೆ ಹಾಕುವುದೇಕೆ?

ನಮಗೆ ಸೆಕೆಯಾದರೆ ಮೈಯೆಲ್ಲ ಬೆವರುತ್ತದೆ. ಬೆವರು ಆರುವಾಗ ಮೈಯ ಶಾಖವನ್ನು ಕೊಂಡೊಯ್ಯುತ್ತದೆ. ನಾಯಿಗೆ ಬೆವರಿನ ಗ್ರಂಥಿಗಳು ಇರುವುದು ಮುಖ್ಯವಾಗಿ ಪಾದಗಳಲ್ಲಿ. ಅದಕ್ಕೇ ಅದು ನಾಲಿಗೆ ಚಾಚಿ ಬೇಗ ಬೇಗ ಉಸಿರಾಡುತ್ತದೆ. ನಾಲಿಗೆ ಮತ್ತು ಬಾಯಿಯ ನೀರು ಆವಿಯಾಗಿ ಮೈ ತಂಪಾಗುತ್ತದೆ.

ಕರಾವಳಿಯಲ್ಲಿ ಒಂದು ತೊಂದರೆ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಕಾರವಾರದಲ್ಲಿ ಒಗೆದ ಬಟ್ಟೆ ನೆರಳಿನಲ್ಲಿ ಬೇಗ ಒಣಗುವುದಿಲ್ಲ ಅಲ್ಲವೇ? ಗಾಳಿಯಲ್ಲಿ ಆಗಲೇ ನೀರಾವಿ ತುಂಬಿರುತ್ತದೆ. ನಾಯಿಯ ನಾಲಿಗೆಯ ನೀರಿಗೂ ಅದೇ ಕಷ್ಟ. ಆದ್ದರಿಂದ ಇಲ್ಲಿನ ನಾಯಿಗಳಿಗೆ ಸೆಕೆಗಾಲದಲ್ಲಿ ನೆರಳು ಮತ್ತು ನೀರು ತುಂಬ ಮುಖ್ಯ. ಬಿಸಿಲಿನಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿ ಪ್ರಾಣವನ್ನೇ ಕಳೆದುಕೊಳ್ಳಬಹುದು. ಹಗಲೆಲ್ಲ ಕಟ್ಟಿಹಾಕಿದ ನಾಯಿಯ ಸಿಟ್ಟೂ ಹೆಚ್ಚು.

ನಾಯಿಯ ಕಿವಿಯೂ ಬಲು ಸೂಕ್ಷ್ಮ. ನಮಗೆ ಕೇಳಿಸದ ಎತ್ತರದ ಸ್ವರಗಳೂ ಅದಕ್ಕೆ ಕೇಳಿಸುತ್ತವೆ. ದೀಪಾವಳಿಯ ಪಟಾಕಿ, ಮಳೆಗಾಲದ ಗುಡುಗಿಗೆ ಅದು ಮಂಚದ ಕೆಳಗೆ ನುಗ್ಗಿ ನಡುಗಿದರೆ ನಗಬೇಡಿ. ಅದು ಅಡಗಿರುವ ಜಾಗದಿಂದ ಎಳೆಯಲೂ ಬೇಡಿ.

ಕಚ್ಚಿಸಿಕೊಳ್ಳದಿರಲು

ಜಗತ್ತಿನಲ್ಲಿ ರೇಬಿಸ್ ಶಂಕೆ ಇರುವ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ಶೇಕಡಾ 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದ್ದರಿಂದ ಈ ಮಾತುಗಳನ್ನು ನೆನಪಿಡಿ.

ಉಣ್ಣುತ್ತಿರುವ, ಮಲಗಿರುವ, ಮರಿಗಳ ಜೊತೆ ಇರುವ ನಾಯಿಯ ಹತ್ತಿರ ಹೋಗಬೇಡಿ. ಅಪರಿಚಿತ ನಾಯಿಯ ಕಣ್ಣನ್ನು ದಿಟ್ಟಿಸಬೇಡಿ. ನಾಯಿಯ ಭಾಷೆಯಲ್ಲಿ ಅದು ಸವಾಲು. ನಾಯಿ ಅಟ್ಟಿಕೊಂಡು ಬಂದರೆ ಓಡಬೇಡಿ. ಓಡುವುದನ್ನು ಬೆನ್ನಟ್ಟುವುದು ಅದರ ಹುಟ್ಟುಗುಣ. ಮರದಂತೆ ಅಲುಗಾಡದೆ ನಿಲ್ಲಿ, ಕೈಗಳು ಮೈಗೆ ಅಂಟಿರಲಿ, ನೋಟ ನೆಲದ ಮೇಲಿರಲಿ. ಅದು ಮೂಸಿ ನೋಡಿ ಹೋದ ಮೇಲೆ ಮೆಲ್ಲಗೆ ಹಿಂದೆ ಸರಿಯಿರಿ. ಬಿದ್ದುಬಿಟ್ಟರೆ ಕಲ್ಲಿನಂತೆ ಮುದುಡಿ, ಕೈಗಳಿಂದ ಕುತ್ತಿಗೆ ಮತ್ತು ಕಿವಿಗಳನ್ನು ಮುಚ್ಚಿಕೊಳ್ಳಿ.

ಕಚ್ಚಿದರೆ ಮುಚ್ಚಿಡಬೇಡಿ

ಈ ಲೇಖನದಲ್ಲಿ ನೀವು ಮರೆಯಲೇಬಾರದ ಭಾಗ ಇದು. ರೇಬಿಸ್ ಒಂದು ವೈರಸ್ ರೋಗ. ರೋಗವಿರುವ ಪ್ರಾಣಿಯ ಜೊಲ್ಲಿನಲ್ಲಿ ಈ ವೈರಸ್ ಇರುತ್ತದೆ. ಅದು ಗಾಯದಿಂದ ನರಗಳೊಳಗೆ ಸೇರಿ, ನಿಧಾನವಾಗಿ ಮೆದುಳಿನ ಕಡೆ ಸಾಗುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳ ನಂತರ ರೋಗದ ಲಕ್ಷಣ ಕಾಣಿಸುತ್ತದೆ. ಲಕ್ಷಣ ಕಾಣಿಸಿದ ಮೇಲೆ ಬದುಕುಳಿಯುವುದು ಬಹುತೇಕ ಅಸಾಧ್ಯ. ಆದರೆ ಅದಕ್ಕೂ ಮೊದಲೇ, ಕಚ್ಚಿದ ಕೂಡಲೇ ಸರಿಯಾದ ಚಿಕಿತ್ಸೆ ಪಡೆದರೆ ರೋಗವನ್ನು ತಡೆಯಬಹುದು. ವೈರಸ್ ಮೆದುಳು ಮುಟ್ಟುವ ಮೊದಲು ಲಸಿಕೆ ನಮ್ಮ ದೇಹವನ್ನು ಸಜ್ಜುಗೊಳಿಸಬೇಕು. ಇದೊಂದು ಓಟದ ಪಂದ್ಯ ಎಂದುಕೊಳ್ಳಿ.

ಮೊದಲ ಕೆಲಸ: ನಲ್ಲಿ ಅಥವಾ ಚೊಂಬಿನ ನೀರು ಸುರಿಯುತ್ತ, ಸಾಬೂನು ಹಚ್ಚಿ 15 ನಿಮಿಷ ಗಾಯ ತೊಳೆಯಿರಿ. ಸಾಬೂನೇ ಏಕೆ? ರೇಬಿಸ್ ವೈರಸ್ಸಿನ ಹೊರಗೆ ಕೊಬ್ಬಿನ ಹೊದಿಕೆ ಇದೆ. ಕೈಗೆ ಹತ್ತಿದ ಎಣ್ಣೆಯನ್ನು ಸಾಬೂನು ಬಿಡಿಸುವಂತೆ ಈ ಹೊದಿಕೆಯನ್ನೂ ಅದು ಒಡೆಯುತ್ತದೆ. ಗಾಯಕ್ಕೆ ಮೆಣಸಿನಪುಡಿ, ಸುಣ್ಣ, ಅರಿಶಿನ, ಎಲೆಯ ರಸ ಹಚ್ಚಬಾರದು.

ಎರಡನೆಯ ಕೆಲಸ: ತಡಮಾಡದೆ ಆಸ್ಪತ್ರೆಗೆ ಹೋಗಿ. ಸರಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಉಚಿತ. ಮೊದಲ ದಿನದ ಲಸಿಕೆಯ ನಂತರ 3, 7 ಮತ್ತು 28ನೆಯ ದಿನಗಳಂದು ಮತ್ತೆ ಹಾಕಿಸಿಕೊಳ್ಳಬೇಕು. ರಕ್ತ ಬರುವಂಥ ಗಾಯವಾದರೆ ಗಾಯದ ಸುತ್ತಲೂ ಇನ್ನೊಂದು ಮದ್ದನ್ನು ಚುಚ್ಚುತ್ತಾರೆ. ಗಾಯ ವಾಸಿಯಾಯಿತೆಂದು ಲಸಿಕೆಯನ್ನು ಅರ್ಧಕ್ಕೇ ಬಿಡಬಾರದು.

"ಹೊಟ್ಟೆಗೆ 14 ಸೂಜಿ" ಎಂದು ಅಜ್ಜ ಅಜ್ಜಿಯರು ಹೇಳಿದ್ದನ್ನು ಕೇಳಿ ನೀವು ಹೆದರಿರಬಹುದು. ಅದು ಹಳೆಯ ಲಸಿಕೆಯ ಕಥೆ. ಭಾರತದಲ್ಲಿ ಅದನ್ನು 2004-05ರ ಹೊತ್ತಿಗೇ ನಿಲ್ಲಿಸಲಾಗಿದೆ. ಈಗಿನ ಲಸಿಕೆಯನ್ನು ತೋಳಿಗೆ ಹಾಕುತ್ತಾರೆ.

ನಾಯಿ ಪರಚಿದ್ದನ್ನೋ ಕಚ್ಚಿದ್ದನ್ನೋ ಮನೆಯಲ್ಲಿ ಬೈಯುತ್ತಾರೆಂದು ಮುಚ್ಚಿಡುವ ಮಕ್ಕಳಿದ್ದಾರೆ. ಹಾಗೆ ಮಾಡಲೇಬೇಡಿ. ಬೈಗುಳ ಒಂದು ಗಳಿಗೆಯದು, ಜೀವ ದೊಡ್ಡದು. ಅಪ್ಪ ಅಮ್ಮನಿಗೆ ಹೇಳಲು ಹೆದರಿಕೆಯಾದರೆ ನಿಮ್ಮ ಶಿಕ್ಷಕರಿಗೆ ಹೇಳಿ.

ಗೋವೆಯಿಂದ ಕಲಿಯುವ ಪಾಠ

ಕಾರವಾರದಿಂದ ಮಾಜಾಳಿ ದಾಟಿದರೆ ಗೋವಾ. ಅಲ್ಲಿ ಸರಕಾರ ಮತ್ತು ಮಿಷನ್ ರೇಬಿಸ್ ಸಂಸ್ಥೆ ಸೇರಿ ಊರೂರಿಗೆ ಹೋಗಿ ನಾಯಿಗಳಿಗೆ ಲಸಿಕೆ ಹಾಕಿದರು. ಬಲೆ ಬೀಸಿ ಬೀದಿ ನಾಯಿಗಳನ್ನು ಹಿಡಿದು, ಲಸಿಕೆ ಹಾಕಿ, ಗುರುತಿಗೆ ಬಣ್ಣ ಹಚ್ಚಿ, ಅಲ್ಲೇ ಬಿಟ್ಟರು. ಶಾಲಾ ಮಕ್ಕಳಿಗೆ ಪಾಠ ಹೇಳಿದರು. 2013ರಿಂದ 2019ರ ನಡುವೆ ನಾಯಿಗಳಲ್ಲಿ ರೇಬಿಸ್ ಪ್ರಕರಣಗಳು ಶೇಕಡಾ 92ರಷ್ಟು ಇಳಿದವು. 2021ರಲ್ಲಿ ಗೋವಾ ರೇಬಿಸ್ ನಿಯಂತ್ರಿತ ರಾಜ್ಯ ಎನಿಸಿಕೊಂಡಿತು.

ಒಂದು ಊರಿನ 100 ನಾಯಿಗಳಲ್ಲಿ 70ಕ್ಕೆ ಲಸಿಕೆ ಹಾಕಿದರೆ ರೋಗ ಹರಡಲು ದಾರಿ ಸಿಗುವುದಿಲ್ಲ. ನಿಮ್ಮ ಮನೆಯಲ್ಲಿ ನಾಯಿ ಇದೆಯೇ? ಮರಿಗೆ ಮೂರು ತಿಂಗಳಾದಾಗ ಪಶು ಆಸ್ಪತ್ರೆಯಲ್ಲಿ ಮೊದಲ ಲಸಿಕೆ ಹಾಕಿಸಿ. ಮುಂದೆ ವೈದ್ಯರು ಹೇಳಿದಂತೆ ಮತ್ತೆ ಮತ್ತೆ ಹಾಕಿಸಿ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ರೇಬಿಸ್ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ ತೀರಿಕೊಂಡ ದಿನವದು. 1885ರಲ್ಲಿ ಅವರು ಮೊದಲು ಚಿಕಿತ್ಸೆ ನೀಡಿದ ಜೋಸೆಫ್ ಮೈಸ್ಟರ್ ನಿಮ್ಮಂತೆಯೇ ಶಾಲೆಗೆ ಹೋಗುವ ವಯಸ್ಸಿನ, 9 ವರ್ಷದ ಹುಡುಗ. ಅವನು ಬದುಕಿದ.

ನೀವೇ ಮಾಡಿ ನೋಡಿ

ನಿಮ್ಮ ಮನೆಯ ಜಗುಲಿಯಲ್ಲಿ ಅಥವಾ ಶಾಲೆಯ ಕಿಟಕಿಯ ಬಳಿ ಕುಳಿತು, ದೂರದಿಂದಲೇ ಒಂದು ನಾಯಿಯನ್ನು ಹತ್ತು ನಿಮಿಷ ಗಮನಿಸಿ. ಹತ್ತಿರ ಹೋಗಬೇಡಿ, ಕರೆಯಬೇಡಿ. ಬಾಲ ಹೇಗಿತ್ತು? ಕಿವಿ ಎತ್ತ ತಿರುಗಿತು? ಬೇರೆ ನಾಯಿ ಬಂದಾಗ ಏನು ಮಾಡಿತು? ಸೈಕಲ್ ಹೋದಾಗ? ಪರಿಚಿತರು ಬಂದಾಗ? ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಒಂದು ವಾರ ಅದೇ ಸಮಯದಲ್ಲಿ ಹೀಗೆ ಮಾಡಿ, ಗೆಳೆಯರ ಪಟ್ಟಿಯೊಂದಿಗೆ ಹೋಲಿಸಿ. ವಾರದ ಕೊನೆಗೆ ಆ ನಾಯಿ ಮುಂದೇನು ಮಾಡುತ್ತದೆಂದು ನೀವು ಮೊದಲೇ ಹೇಳಬಲ್ಲಿರಾ ಎಂದು ಪರೀಕ್ಷಿಸಿಕೊಳ್ಳಿ.