ಪಿಯಾನೊ ಬಿಟ್ಟು ಸಿಂಹಾಸನವೇರಿದ ದೊರೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಹಿರಿಯರಿಗೆ ಜಯಚಾಮರಾಜ ಒಡೆಯರ್ ಎಂದರೆ ದಸರೆಯ ಅಂಬಾರಿ ನೆನಪಾಗುತ್ತದೆ. ಈ ನಾಲ್ಕೂ ತಾಲ್ಲೂಕುಗಳು ಅವರ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಕೋಲಾರದ ಚಿನ್ನದ ಮೇಲಿನ ರಾಜಧನವೂ ಆ ಸಂಸ್ಥಾನದ ಬೊಕ್ಕಸಕ್ಕೇ ಹೋಗುತ್ತಿತ್ತು. ಆದರೆ ಅದೇ ದೊರೆ ಒಂದು ಕಾಲಕ್ಕೆ ಪಿಯಾನೊ ವಾದಕರಾಗುವ ಕನಸು ಕಂಡಿದ್ದರೆಂಬುದು ಎಷ್ಟು ಮಂದಿಗೆ ಗೊತ್ತು?

1919ರ ಜುಲೈ 18ರಂದು ಹುಟ್ಟಿದ ಅವರು ಎಳೆಯ ವಯಸ್ಸಿನಲ್ಲೇ ಪಾಶ್ಚಾತ್ಯ ಸಂಗೀತಕ್ಕೆ ಮಾರುಹೋದರು. 1940ರಲ್ಲಿ ಮೊದಲು ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. 21ರ ಯುವಕನ ಹೆಗಲಿಗೆ ರಾಜ್ಯಭಾರ ಬಿತ್ತು. ಕಛೇರಿ ವೇದಿಕೆಯ ಆಸೆ ಅಲ್ಲಿಗೇ ನಿಂತಿತು.

ಆಸೆ ನಿಂತರೂ ಅಭ್ಯಾಸ ನಿಲ್ಲಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿಯೂ ಟ್ರಿನಿಟಿ ಕಾಲೇಜಿನ ಗೌರವ ಫೆಲೋಷಿಪ್ಪೂ ಅವರಿಗೆ ದೊರೆತವು. ತಾವು ಏರಲಾಗದ ವೇದಿಕೆಗೆ ಇತರರನ್ನು ಏರಿಸಲು ಅವರು ಮುಂದಾದರು. ರಷ್ಯ ತೊರೆದು ಲಂಡನ್ನಿನಲ್ಲಿದ್ದ ನಿಕೊಲಾಯ್ ಮೆಟ್ನರ್ ಎಂಬ ಪಿಯಾನೊ ವಾದಕ, ಸಂಗೀತ ರಚನೆಕಾರನನ್ನು ಆಗ ಜನ ಮರೆಯತೊಡಗಿದ್ದರು. ಆತನ ಕೃತಿಗಳನ್ನು ಆತನಿಂದಲೇ ನುಡಿಸಿ ಧ್ವನಿಮುದ್ರಿಸಲು ಮಹಾರಾಜರು ಹಣ ಕೊಟ್ಟರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ಆತ 1951ರಲ್ಲಿ ತೀರಿಕೊಂಡರೂ ಆ ಧ್ವನಿಮುದ್ರಣಗಳು ಉಳಿದಿವೆ.

1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಒಡೆಯರ್ ಮೊದಲ ಅಧ್ಯಕ್ಷರಾದರು. ಜರ್ಮನಿಯ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಆತ ತೀರಿಕೊಂಡ ಮರುವರ್ಷ, 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲು ಕೇಳಿಬಂದದ್ದೂ ಇವರ ಹಣದ ಭರವಸೆಯಿಂದಲೇ. ಮಹಾರಾಜರು ಆ ಕಛೇರಿಗೆ ಹೋಗಲಾಗಲಿಲ್ಲ. ಅದರ ಧ್ವನಿಮುದ್ರಣ ಮೈಸೂರಿಗೆ ಬಂತು.

ಇಷ್ಟಾದರೂ ಅವರು ಸ್ವತಃ ರಚನೆಗೆ ಕೈಹಾಕಿದಾಗ ಆರಿಸಿಕೊಂಡದ್ದು ಕರ್ನಾಟಕ ಸಂಗೀತವನ್ನು. ಆಸ್ಥಾನ ವಿದ್ವಾಂಸ ಮೈಸೂರು ವಾಸುದೇವಾಚಾರ್ಯರು ಅವರ ಗುರುಗಳು. ಶ್ರೀವಿದ್ಯಾ ಎಂಬ ಅಂಕಿತದಲ್ಲಿ ಅವರು ರಚಿಸಿದ 94 ಸಂಸ್ಕೃತ ಕೃತಿಗಳು ದೊರೆಯುತ್ತವೆ. ರಾಜ್ಯ ಹೋಯಿತು, ಒಡೆಯರು ಮೊದಲು ಮೈಸೂರು, ಆಮೇಲೆ ಮದರಾಸು ರಾಜ್ಯದ ರಾಜ್ಯಪಾಲರಾದರು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಷಿಪ್ ಬಂತು. 1974ರ ಸೆಪ್ಟೆಂಬರ್ 23ರಂದು ಅವರು ನಿಧನರಾದರು.

ಕಛೇರಿಯೊಂದರಲ್ಲಿ ಅಠಾಣ ರಾಗದ ‘ಶ್ರೀ ಮಹಾಗಣಪತಿಂ’ ಕೇಳಿದರೆ, ಅದು ಒಬ್ಬ ದೊರೆಯ ರಚನೆ ಎಂಬುದಷ್ಟೇ ಅಲ್ಲ, ಪಿಯಾನೊ ಮುಂದೆ ಕೂರಬೇಕೆಂದಿದ್ದವರ ರಚನೆ ಎಂಬುದೂ ನಮಗೆ ನೆನಪಿರಲಿ.