ಹೆಬ್ಬೆಟ್ಟು ನಮ್ಮದು, ಪರದೆಯೂ ನಮಗೆ ಕಾಣಲಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಮನೆಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: "ಈ ಮೊಬೈಲ್ ನನಗ ತಿಳಿಯೂದಿಲ್ಲಪಾ, ನೀನ ಒತ್ತಿಕೊಡು." ಹಾಗೆ ಹೇಳುವ ಸಹೋದರಿ ದಡ್ಡಿಯೇನಲ್ಲ. ಮಗ್ಗದ ನೂಲಿನ ಲೆಕ್ಕ, ಸಂಘದ ಕಂತಿನ ಲೆಕ್ಕ, ಮಕ್ಕಳ ಫೀಸಿನ ಲೆಕ್ಕ ಎಲ್ಲವೂ ಅವಳ ನಾಲಗೆಯ ತುದಿಯಲ್ಲಿರುತ್ತವೆ. ಆದರೆ ಅಂಗೈಯಗಲದ ಪರದೆಯ ಮುಂದೆ ಅವಳು ತನ್ನನ್ನೇ ಹಳಿದುಕೊಳ್ಳುತ್ತಾಳೆ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಜಮೆಯಾಯಿತೇ ಎಂದು ನೋಡಲು ನೆರೆಮನೆಯ ಹುಡುಗನ ಕೈಗೆ ಫೋನನ್ನೂ ಅದರ ಜೊತೆಗೆ ಗುಟ್ಟಿನ ಪಿನ್ ನಂಬರನ್ನೂ ಕೊಟ್ಟುಬಿಡುತ್ತಾಳೆ.

ತಪ್ಪು ನಿಜವಾಗಿಯೂ ಅವಳದ್ದೇ? ಇದನ್ನು ವಿಚಾರಿಸುವುದಕ್ಕೆಂದೇ ಒಂದು ವಿದ್ಯೆ ಬೆಳೆದಿದೆ. ಮನುಷ್ಯನಿಗೂ ಕಂಪ್ಯೂಟರಿಗೂ ನಡುವೆ ಮಾತುಕತೆ ಹೇಗೆ ನಡೆಯುತ್ತದೆ ಎಂಬುದರ ಅಧ್ಯಯನವದು. ಪರದೆ, ಗುಂಡಿ, ಚಿತ್ರ, ಧ್ವನಿ, ಹೀಗೆ ಯಂತ್ರದ ಯಾವ ಭಾಗ ನಮ್ಮ ಕಣ್ಣು, ಕಿವಿ, ಬೆರಳಿಗೆ ಎಟುಕುತ್ತದೆಯೋ ಅದಕ್ಕೆ ಇಂಟರ್‌ಫೇಸ್ ಎನ್ನುತ್ತಾರೆ. ಅಮೆರಿಕದ ಡೊನಾಲ್ಡ್ ನಾರ್ಮನ್ ಎಂಬ ವಿದ್ವಾಂಸರು 1988ರಲ್ಲಿ ದಿನಬಳಕೆಯ ವಸ್ತುಗಳ ವಿನ್ಯಾಸದ ಬಗ್ಗೆ ಪುಸ್ತಕವೊಂದನ್ನು ಬರೆದರು. ಬಳಸುವವರು ಮತ್ತೆ ಮತ್ತೆ ಒಂದೇ ಕಡೆ ಎಡವುತ್ತಿದ್ದರೆ ಅವರನ್ನು ದೂರುವ ಮೊದಲು ವಸ್ತುವಿನ ರಚನೆಯನ್ನು ಪರೀಕ್ಷಿಸಬೇಕು ಎಂಬುದು ಅವರ ವಾದದ ಸಾರ.

ಒಳ್ಳೆಯ ವಸ್ತು ತನ್ನ ಸ್ಥಿತಿಯನ್ನು ತಾನೇ ಹೇಳುತ್ತದೆ. ಕುಕ್ಕರ್ ಸಿಳ್ಳೆ ಹಾಕಿದರೆ ಪಕ್ಕದ ಕೋಣೆಯಲ್ಲಿದ್ದವಳಿಗೂ ಗೊತ್ತಾಗುತ್ತದೆ. ಬನಹಟ್ಟಿಯ ಓಣಿಗಳಲ್ಲಿ ಸದ್ದು ಮಾಡುವ ಪವರ್‌ಲೂಮ್ ಹೊಕ್ಕಿನ ನೂಲು ಕಡಿದರೆ ತಾನಾಗಿ ನಿಲ್ಲುವಂತೆ ಮಾಡಲಾಗಿದೆ. ನೇಯುವವಳು ಪುಸ್ತಕ ಓದಿ ಇದನ್ನು ಕಲಿಯಬೇಕಾಗಿಲ್ಲ.

ನಾವೆಲ್ಲರೂ ಬಳಸಿರುವ ಇನ್ನೊಂದು ಯಂತ್ರ ಮತಯಂತ್ರ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಅದನ್ನು ತಯಾರಿಸುತ್ತವೆ. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲ ಬಾರಿಗೆ ಬಳಕೆಯಾಯಿತು. 2004ರ ಲೋಕಸಭಾ ಚುನಾವಣೆಯ ಹೊತ್ತಿಗೆ ದೇಶದ ಎಲ್ಲ ಕ್ಷೇತ್ರಗಳಿಗೂ ಬಂತು. ಹೆಸರು, ಎದುರಿಗೇ ಚಿಹ್ನೆ, ಅದರ ಪಕ್ಕದಲ್ಲೇ ನೀಲಿ ಗುಂಡಿ. ಒತ್ತಿದರೆ ಕೆಂಪು ದೀಪ ಉರಿದು 'ಬೀಪ್' ಎನ್ನುತ್ತದೆ. ಈಗ ಜೊತೆಗಿರುವ ವಿವಿಪ್ಯಾಟ್‌ನಲ್ಲಿ ಏಳು ಸೆಕೆಂಡು ಚೀಟಿಯೂ ಕಾಣುತ್ತದೆ. ಅಕ್ಷರ ಬಾರದ ಅಜ್ಜಿಯೂ ಯಾರ ನೆರವಿಲ್ಲದೆ, ಯಾರಿಗೂ ಹೇಳದೆ ಮತ ಹಾಕಿ ಬರುತ್ತಾಳೆ. ಮತಯಂತ್ರದ ಕುರಿತಾದ ರಾಜಕೀಯ ವಾದವಿವಾದ ಬೇರೆ ವಿಷಯ. ಅದು ಇಲ್ಲಿ ಬೇಡ.

ಇಂತಹ ಕಾಳಜಿ ಕಂಪ್ಯೂಟರಿನ ಕಾಲದಲ್ಲಿ ಹುಟ್ಟಿದ್ದೆಂದು ತಿಳಿಯಬಾರದು. ಮದ್ರಸದಲ್ಲಿ ಮಕ್ಕಳಿಗೆ ಕಾಯಿದಾ ಕಲಿಸುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಮೊದಲ ಕಾಲದ ಮುಸ್‌ಹಫ್‌ಗಳಲ್ಲಿ ಜಬರ್, ಜೇರ್, ಪೇಶ್ ಇರಲಿಲ್ಲ. ಅರಬ್ಬರಿಗೆ ಅದರಿಂದ ತೊಂದರೆಯಾಗಲಿಲ್ಲ. ಭಾಷೆ ಅವರ ಬಾಯಲ್ಲೇ ಇತ್ತು. ಇಸ್ಲಾಮ್ ಅರಬೇತರರ ನಾಡುಗಳಿಗೆ ಹಬ್ಬಿದಾಗ ಓದುವವರು ತಪ್ಪತೊಡಗಿದರು. ಆಗ ಬಸರಾದ ಅಬುಲ್ ಅಸ್ವದ್ ಅದ್ದುಅಲಿಯವರು ಬಣ್ಣದ ಚುಕ್ಕೆಗಳಿಂದ ಸ್ವರಗಳನ್ನು ಗುರುತಿಸಿದರೆಂದು ಇತಿಹಾಸಕಾರರು ಹೇಳುತ್ತಾರೆ. ಮುಂದಿನ ಶತಮಾನದಲ್ಲಿ ಖಲೀಲ್ ಬಿನ್ ಅಹ್ಮದರು ಆ ಚುಕ್ಕೆಗಳ ಬದಲು ಸಣ್ಣ ಗೆರೆಗಳ ರೂಪವನ್ನು ಕೊಟ್ಟರು. ದೇವವಚನದ ಒಂದಕ್ಷರವೂ ಬದಲಾಗಲಿಲ್ಲ, ಓದುವವರ ದಾರಿ ಮಾತ್ರ ಸುಗಮವಾಯಿತು. ಎಲ್ಲಿ ನಿಲ್ಲಬೇಕೆಂದು ತೋರಿಸುವ ಪುಟ್ಟ 'ಮೀಮ್' ಕೂಡ ಇದೇ ಉಪಕಾರಕ್ಕೆ ಸೇರಿದ್ದು. ಓದಲು ಬಾರದವರನ್ನು ಹೀಗಳೆಯುವ ಬದಲು ಆ ಮಹನೀಯರು ಬರಹವನ್ನೇ ಅವರ ಹತ್ತಿರಕ್ಕೆ ತಂದರು. ನಮ್ಮ ಸಾಫ್ಟ್‌ವೇರ್ ಕಂಪೆನಿಗಳು ಇದನ್ನು ಕಲಿಯುವುದು ಯಾವಾಗಲೋ!

ನಮ್ಮ ರಾಜ್ಯದಲ್ಲೂ ಒಳ್ಳೆಯ ಮಾದರಿಯೊಂದಿದೆ. ಹಿಂದೆ ಹೊಲದ ಉತಾರ ಬೇಕೆಂದರೆ ತಲಾಠಿಯನ್ನು ಹುಡುಕಿಕೊಂಡು ಅಲೆಯಬೇಕಿತ್ತು. 2002ರ ಹೊತ್ತಿಗೆ ಆಗಿದ್ದ 177 ತಾಲ್ಲೂಕುಗಳಲ್ಲಿ ಭೂಮಿ ಕೇಂದ್ರಗಳು ಬಂದವು. ರಬಕವಿ-ಬನಹಟ್ಟಿ ಆಗ ಜಮಖಂಡಿ ತಾಲ್ಲೂಕಿನಲ್ಲೇ ಇತ್ತು. ಆ ಕೇಂದ್ರಗಳ ಯೋಜನೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಒಂದು ಸಣ್ಣ ಸಂಗತಿ: ಸಿಬ್ಬಂದಿಗೆ ಒಂದು ಪರದೆಯಾದರೆ, ಕೌಂಟರಿನ ಈಚೆ ನಿಂತ ರೈತನ ಕಡೆಗೆ ಮುಖಮಾಡಿದ ಇನ್ನೊಂದು ಪರದೆ. ತನ್ನ ದಾಖಲೆಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಅವನು ನಿಂತಲ್ಲಿಂದಲೇ ನೋಡಬಹುದಿತ್ತು.

ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ಸೂಕ್ತ ಅಲ್‌ಬಕರ ಅಧ್ಯಾಯದ 282ನೆಯದು. ಅದು ಸಾಲದ ಪತ್ರವನ್ನು ಬರೆಯುವ ವಿಷಯದ್ದು. ಬರೆಯುವವನು ನ್ಯಾಯದಿಂದ ಬರೆಯಬೇಕು, ಬರೆಯಬೇಕಾದ ಮಾತನ್ನು ಸಾಲಗಾರನೇ ಹೇಳಬೇಕು, ಅವನು ದುರ್ಬಲನಾಗಿದ್ದು ಹೇಳಲಾರದಿದ್ದರೆ ಅವನ ಪೋಷಕ ನ್ಯಾಯದಿಂದ ಹೇಳಬೇಕು, ಸಾಕ್ಷಿಗಳಿರಬೇಕು. ಬರಹ ಬಾರದವರನ್ನು ಅವರದೇ ವ್ಯವಹಾರದಿಂದ ಹೊರಗಿಡಬಾರದು ಎಂಬ ಎಚ್ಚರವನ್ನು ನಾನು ಇದರಲ್ಲಿ ಕಾಣುತ್ತೇನೆ.

ಈಗ ಹೆಬ್ಬೆಟ್ಟಿನ ಯಂತ್ರಕ್ಕೆ ಬರೋಣ. ಹಳ್ಳಿಗೆ ಬರುವ ಬ್ಯಾಂಕ್ ಪ್ರತಿನಿಧಿ ಆಧಾರ್ ಮೂಲಕ ಹಣ ಕೊಡುತ್ತಾನೆ. ಖಾತೆಯಲ್ಲಿ ಎಷ್ಟಿದೆ ಎಂದು ನೋಡಲು ಬೆರಳು ಒತ್ತಬೇಕು. ಹಣ ತೆಗೆಯಲೂ ಹಾಗೆಯೇ ಒತ್ತಬೇಕು. ಎರಡು ಬೇರೆ ಕೆಲಸಗಳಿಗೆ ಒಂದೇ ಕ್ರಿಯೆ! ಮೊತ್ತವನ್ನು ಒತ್ತುವವನು ಅವನು, ಪರದೆ ಇರುವುದೂ ಅವನ ಕಡೆಗೆ. "ಬೆರಳು ಸರಿಯಾಗಿ ಬೀಳಲಿಲ್ಲ, ಇನ್ನೊಮ್ಮೆ ಇಡ್ರಿ" ಎಂದಾಗ ಮೊದಲನೆಯದು ನಿಜವಾಗಿ ವಿಫಲವಾಯಿತೋ ಇಲ್ಲವೋ ಅವಳಿಗೆ ತಿಳಿಯುವುದಾದರೂ ಹೇಗೆ? ಪ್ರತಿನಿಧಿಗಳಲ್ಲಿ ಪ್ರಾಮಾಣಿಕರೇ ಹೆಚ್ಚು ಇರಬಹುದು. ಆದರೆ ಇನ್ನೊಬ್ಬರ ಪ್ರಾಮಾಣಿಕತೆಯನ್ನು ಮಾತ್ರವೇ ನಂಬಿ ನಿಂತ ಯಂತ್ರ ಅಪೂರ್ಣ ಎಂದೇ ನನ್ನ ಅಭಿಪ್ರಾಯ.

ಫೋನಿನ ಯುಪಿಐಯಲ್ಲೂ ಇದೇ ತೊಡಕು. ಬಾಕಿ ನೋಡಲು ಪಿನ್ ಬೇಕು, ಹಣ ಕಳಿಸಲು ಅದೇ ಪಿನ್ ಬೇಕು. ಹಾಗಾಗಿ "ನಿಮಗೆ ಹಣ ಬಂದಿದೆ, ಪಿನ್ ಹಾಕಿ ಪಡೆಯಿರಿ" ಎಂದು ವಂಚಕ ಹೇಳಿದರೆ ಅದೂ ನಿಜವೆನಿಸುತ್ತದೆ. ಹಣ ಪಡೆಯಲು ಪಿನ್ ಬೇಡವೇ ಬೇಡ.

ವಿನ್ಯಾಸ ಸುಧಾರಿಸುವವರೆಗೆ ಸಹೋದರಿಯರು ಕೆಲವನ್ನು ಇಂದೇ ಮಾಡಿಕೊಳ್ಳಬಹುದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಿ. ಮನೆಮಾತು ದಖನಿಯಾದರೂ ಶಾಲೆಯಲ್ಲಿ ಕಲಿತದ್ದು ಕನ್ನಡವಾದರೆ ಅದೇ ಸುಲಭ. ಅಕ್ಷರ ದೊಡ್ಡದು ಮಾಡಿಕೊಳ್ಳಿ. ಹೆಬ್ಬೆಟ್ಟು ಇಡುವ ಮೊದಲು "ಎಷ್ಟು ಒತ್ತೀರಿ, ತೋರಿಸ್ರಿ" ಎಂದು ಕೇಳಲು ಸಂಕೋಚ ಬೇಡ. ಓದಲು ಬಾರದಿದ್ದರೆ ಓದಬಲ್ಲ ಮಗಳನ್ನು ಜೊತೆಗೆ ಕರೆದೊಯ್ಯಿರಿ. ಯಂತ್ರದಿಂದ ಬರುವ ರಸೀದಿಯನ್ನು, ವ್ಯವಹಾರ ವಿಫಲವಾಯಿತೆಂದು ಹೇಳಿದಾಗಲೂ, ಕೇಳಿ ಪಡೆದು ಪಾಸ್‌ಬುಕ್ಕಿನಲ್ಲಿಡಿ. ವಂಚನೆಯಿಂದ ಹಣ ಹೋಗಿದ್ದು ಗೊತ್ತಾದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣವನ್ನು ನಡುವೆ ತಡೆಹಿಡಿಯುವ ಸಾಧ್ಯತೆ ಹೆಚ್ಚು.